ಅರವತ್ತು ಡಿಗ್ರಿ, ಅರವತ್ತು ತೇವ

ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಆದರೆ ಆ ನವೆಂಬರಿನಲ್ಲಿ ನಾನು ಮಾಡಿದ್ದಕ್ಕೆ ಬೇರೆ ಯಾವ ಕಾರಣ ಕೊಟ್ಟರೂ ಸುಳ್ಳಾಗುತ್ತದೆ.

ಅವರು ಈ ಪರದೇಶದ ಶೋರ್‌ಲೈನ್ ಎಂಬ ಊರಿನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ಮಂಗಳೂರಿನ ಕ್ರೈಸ್ತ ಕುಟುಂಬದವರು. ಹರೆಯದಲ್ಲಿ ನರ್ಸ್ ಆಗಿ ಬಂದು, ಇಲ್ಲೇ ದುಡಿದು ನಿವೃತ್ತರಾಗಿ, ಗಂಡ ಕ್ಯಾನ್ಸರಿನಲ್ಲಿ ತೀರಿಕೊಂಡ ಮೇಲೆ ಒಬ್ಬರೇ ಉಳಿದಿದ್ದರು. ನನ್ನ ಹೆಂಡತಿಯ ತವರೂ ಮಂಗಳೂರೇ. ಅಲ್ಲಿ ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ಕರೆಯುವ ರೂಢಿಯಂತೆ ಅವಳು ಅವರನ್ನು ಬಾಯಮ್ಮ ಅನ್ನುತ್ತಿದ್ದಳು. ಇಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದರು. ಮೈಸೂರಿನವನಾದ ನನಗೆ ತುಳು ಬರುವುದಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದ್ದರೂ ಕಲಿತಿರಲಿಲ್ಲ. ಕಲಿಯಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ನನ್ನ ಹೆಂಡತಿಗೆ ನರಗಳ ಕಾಯಿಲೆ. ನರಗಳ ಮೇಲಿನ ಹೊದಿಕೆ ನಿಧಾನವಾಗಿ ಸವೆಯುತ್ತದೆ, ಕಾಲಿನ ಸ್ನಾಯುಗಳು ಇದ್ದಕ್ಕಿದ್ದಂತೆ ಮರದ ಹಾಗೆ ಬಿಗಿದುಕೊಳ್ಳುತ್ತವೆ. ಅವಳೂ ನನ್ನಂತೆ ಸಾಫ್ಟ್‌ವೇರಿನಲ್ಲಿದ್ದವಳು. ಕಾಯಿಲೆ ಗೊತ್ತಾದ ಎರಡನೇ ವರ್ಷ ಕೆಲಸ ಬಿಟ್ಟಳು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಇಡೀ ದಿನ ಮಂಪರು, ನುಂಗದಿದ್ದರೆ ನೋವು. ಆಗ ಗಾಂಜಾ ಎಣ್ಣೆಯ ಮಾತು ತೆಗೆದವರು ಬಾಯಮ್ಮ.

"ನನ್ನ ಗಂಡನಿಗೆ ಕೊನೆಯ ವರ್ಷ ಅದನ್ನೇ ಕೊಡ್ತಿದ್ದದ್ದು," ಅಂದರು ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು. "ಮನೆಯಲ್ಲೇ ನಾಲ್ಕು ಗಿಡ ಮಾಡಿದ್ದೆ. ಡಾಕ್ಟ್ರ ಕಾಗದ ಉಂಟಾದ್ರೆ ಇಲ್ಲಿ ಎಂತ ತೊಂದರೆ ಇಲ್ಲ ಮಾರಾಯ್ರೆ."

ಮೈಸೂರಿನಲ್ಲಿ ಆ ಹೆಸರು ಹೇಳಿದರೆ ಪೊಲೀಸ್ ಸ್ಟೇಷನ್ ನೆನಪಾಗುತ್ತಿತ್ತು. ಇಲ್ಲಿ ಅದಕ್ಕೆ ಅಂಗಡಿಗಳೇ ಇವೆ. ಇಬ್ಬರೂ ಸಿಟಿಜನ್ ಆಗಿದ್ದರಿಂದ ನನಗೂ ಧೈರ್ಯ ಬಂತು. ಕೇಂದ್ರದ ಕಾನೂನಿನಲ್ಲಿ ಅದು ಇನ್ನೂ ಅಪರಾಧ, ಗ್ರೀನ್ ಕಾರ್ಡಿನಲ್ಲಿದ್ದಿದ್ದರೆ ಗಡಿಪಾರಿನ ಭಯಕ್ಕೆ ಆ ಗಿಡದ ನೆರಳಿಗೂ ಹೋಗುತ್ತಿರಲಿಲ್ಲ. ಮೊದಲು ಅಂಗಡಿಯ ಎಣ್ಣೆ ತಂದೆವು. ಅದು ಅವಳ ತಲೆ ತಿರುಗಿಸಿತು. ಒಂದು ಮಧ್ಯಾಹ್ನ ಗೋಡೆ ಹಿಡಿದು ನಿಂತವಳು ಅರ್ಧ ಗಂಟೆ ಅಲ್ಲೇ ನಿಂತಿದ್ದಳು. ಆಮೇಲೆ ಬಾಯಮ್ಮ ಎಲ್ಲೋ ವಿಚಾರಿಸಿ ಅಮಲು ಕಡಿಮೆ ಇರುವ ತಳಿಯೊಂದರ ಸಸಿಗಳನ್ನು ಕೊಡಿಸಿದರು. ಮಹಡಿಯ ಖಾಲಿ ಕೋಣೆಯಲ್ಲಿ ದೀಪ ಹಾಕಿ ನಾಲ್ಕು ಕುಂಡ ಇಟ್ಟೆವು.

ಆ ಗಿಡಗಳು ನನ್ನ ಹೆಂಡತಿಯನ್ನು ಬದಲಾಯಿಸಿದವು. ಬೆಳಿಗ್ಗೆ ಎದ್ದ ಕೂಡಲೇ ಕೋಲೂರಿಕೊಂಡು ಆ ಕೋಣೆಗೆ ಹೋಗುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಬೇರೆ. ಗಿಡಕ್ಕೆ ಹೊಸ ಎಲೆ ಬಂದರೆ ಅವಳು ಮೊದಲು ಫೋನ್ ಮಾಡುತ್ತಿದ್ದುದು ಬಾಯಮ್ಮನಿಗೆ. ಸಂಜೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ಆ ಸುದ್ದಿ ಹಳಸಿರುತ್ತಿತ್ತು.

"ಕಾಲು ಹೇಗಿದೆ ಇವತ್ತು?" ಅಂತ ಕೇಳಿದರೆ ನನಗೆ ಸಿಗುತ್ತಿದ್ದುದು ಒಂದೇ ಉತ್ತರ. "ಪರವಾಗಿಲ್ಲ."

ಒಂದು ಶುಕ್ರವಾರ ಬೇಗ ಮನೆಗೆ ಬಂದೆ. ಹಾಲ್‌ನಲ್ಲಿ ಬಾಯಮ್ಮ ನನ್ನ ಹೆಂಡತಿಯ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಮ್ಮಡಿಯಿಂದ ಮೇಲಕ್ಕೆ ಒತ್ತುತ್ತಿದ್ದರು. ಅವಳು ಕಣ್ಣು ಮುಚ್ಚಿ ತುಳುವಿನಲ್ಲಿ ಏನೋ ಹೇಳುತ್ತಿದ್ದಳು. ನನಗೆ ತಿಳಿದದ್ದು ಒಂದು ಮಾತು, 'ಬೇನೆ'. ನೋವು. ಅದನ್ನು ಮೂರು ನಾಲ್ಕು ಸಲ ಹೇಳಿದಳು. ಆಮೇಲೆ ಏನೋ ಅಂದು ಇಬ್ಬರೂ ನಕ್ಕರು. ನನ್ನನ್ನು ನೋಡಿ ನಗು ನಿಲ್ಲಿಸಿದಳು.

ಇನ್ನೊಂದು ಸಂಗತಿ ತೀರಾ ಚಿಕ್ಕದು, ಆದರೆ ಅದು ನನ್ನನ್ನು ಹೆಚ್ಚು ಕೊರೆಯಿತು. ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ನನ್ನ ತಾಯಿಗೆ ಆಗುವುದಿಲ್ಲ ಅಂತ ಮದುವೆಯ ಹೊಸದರಲ್ಲಿ ಅವಳೇ ಬಿಟ್ಟಿದ್ದಳು. ಆ ಬೇಸಿಗೆಯಲ್ಲಿ ಅವಳನ್ನು ಕರೆದುಕೊಂಡು ಬರಲು ಬಾಯಮ್ಮನ ಮನೆಗೆ ಹೋದಾಗ ಅವಳು ತಟ್ಟೆಯ ಮುಂದೆ ಕೂತು ಬೂತಾಯಿ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಬೆರಳುಗಳು ಅಷ್ಟು ಚುರುಕಾಗಿ ಓಡಾಡುವುದನ್ನು ನೋಡಿ ಎಷ್ಟೋ ಕಾಲವಾಗಿತ್ತು.

"ಯಾವಾಗಿನಿಂದ?" ಅಂದೆ ಹಿಂದಿರುಗುವಾಗ.

"ತುಂಬಾ ದಿನ ಆಯ್ತು. ನೀವು ಬೇಡ ಅಂತಿರಲಿಲ್ಲ, ಗೊತ್ತು ನಂಗೆ. ಆದ್ರೂ ಹೇಳಬೇಕು ಅನ್ನಿಸಲಿಲ್ಲ."

ನನಗೆ ಮೀನಿನ ಮೇಲೆ ಕೋಪವಿರಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿದ್ದವಳಿಗೆ ಎರಡು ಮನೆ ಆಚೆ ಇನ್ನೊಂದು ಬದುಕಿತ್ತು, ಅಲ್ಲಿ ಅವಳು ಆಸೆಪಟ್ಟು ಊಟ ಮಾಡುತ್ತಿದ್ದಳು ಅನ್ನುವುದಕ್ಕೆ ಕೋಪ.

ಅಕ್ಟೋಬರ್ ಮುಗಿಯುವಾಗ ಗಿಡಗಳು ಹೂವಿನ ಭಾರಕ್ಕೆ ಬಾಗಿದವು. ಕೊಯ್ಲಿಗೆ ಬಂದ ಗಾಂಜಾವನ್ನು ಒಣಗಿಸುವುದೇ ಅದನ್ನು ಬೆಳೆಸುವುದಕ್ಕಿಂತ ಕಷ್ಟ ಅಂತ ಬಾಯಮ್ಮ ಎಚ್ಚರಿಸಿದ್ದರು. ಈ ಕೆಲಸದಲ್ಲಾದರೂ ನನಗೆ ಜಾಗವಿದೆ ಅಂತ ನಾನು ಎದ್ದು ಕೂತೆ. ಯಾಕೆಂದರೆ ನನ್ನ ಉದ್ಯೋಗವೇ ಅದು. ಪಕ್ಕದ ಊರು ಬಾಥೆಲ್‌ನ ಕ್ಯಾನ್ಯನ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯಲ್ಲಿ ಔಷಧಿ ಕಂಪನಿಯೊಂದರ ಶೀತಲ ಕೋಣೆಗಳ ಉಷ್ಣಾಂಶ, ತೇವಾಂಶ ಕಾಯುವ ಪ್ರೋಗ್ರಾಮ್ ಬರೆಯುತ್ತೇನೆ. ಎಲ್ಲಿಯಾದರೂ ಅಂಕಿ ಗೆರೆ ದಾಟಿದರೆ ಸಂಬಂಧಪಟ್ಟವರ ಫೋನ್ ಕಿರುಚಬೇಕು. ಆ ಕಿರುಚುವಿಕೆಯನ್ನು ಸರಿಯಾಗಿ ಇಡುವುದೇ ನನ್ನ ಕೆಲಸ.

ವಾರವಿಡೀ ಓದಿದೆ. ಬೆಳೆಗಾರರು ಹೇಳುವ ಲೆಕ್ಕ ಸುಲಭ: ಫ್ಯಾರನ್‌ಹೀಟಿನಲ್ಲಿ ಅರವತ್ತು ಡಿಗ್ರಿ, ಅಂದರೆ ನಮ್ಮೂರ ಲೆಕ್ಕದಲ್ಲಿ ಹದಿನಾರರ ಹತ್ತಿರ, ತೇವಾಂಶ ಶೇಕಡಾ ಅರವತ್ತರ ಆಸುಪಾಸು. ಕತ್ತಲೆ ಇರಬೇಕು, ಗಾಳಿ ಮೆಲ್ಲಗೆ ಆಡಬೇಕು, ಹೂವಿಗೆ ನೇರವಾಗಿ ಬಡಿಯಬಾರದು. ಹತ್ತರಿಂದ ಹದಿನಾಲ್ಕು ದಿನ. ಬೇಗ ಒಣಗಿದರೆ ಹುಲ್ಲಿನ ವಾಸನೆ ಹೊಡೆಯುತ್ತದೆ, ಗುಣ ಹೋಗುತ್ತದೆ. ತಡವಾದರೆ ಬೂಷ್ಟು. ಚಳಿಯಲ್ಲಿ ಇನ್ನೊಂದು ತೊಡಕು. ನಮ್ಮಲ್ಲಿ ನವೆಂಬರಿನ ಗಾಳಿ ತಣ್ಣಗೂ ಇರುತ್ತದೆ, ಒದ್ದೆಯೂ ಇರುತ್ತದೆ. ಅದನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ತೇವಾಂಶ ತಾನಾಗಿ ಇಳಿಯುತ್ತದೆ. ಹೆಚ್ಚು ಬೆಚ್ಚಗೆ ಮಾಡಿದರೆ ಹೂವಿನ ಹೊರಮೈ ಗರಿಗರಿ, ಒಳಗೆಲ್ಲ ಹಸಿ.

ಗ್ಯಾರೇಜಿನ ಪಕ್ಕದ ಸಾಮಾನು ಕೋಣೆಯನ್ನು ಖಾಲಿ ಮಾಡಿದೆ. ಎಣ್ಣೆ ತುಂಬಿದ ಚಿಕ್ಕ ಹೀಟರ್, ಗೋಡೆಗೆ ಮುಖ ಮಾಡಿದ ಫ್ಯಾನ್, ಗಾಳಿಯ ತೇವ ಎಳೆದು ತೊಟ್ಟಿಗೆ ಇಳಿಸುವ ಯಂತ್ರ, ಮೂರು ಕಡೆ ಸೆನ್ಸರ್. ಅಂಕಿಗಳು ನನ್ನ ಫೋನಿಗೂ ಕೆಳಗೆ ಅಡುಗೆಮನೆಯಲ್ಲಿಟ್ಟ ಟ್ಯಾಬ್ಲೆಟ್ಟಿಗೂ ಬರುವ ಹಾಗೆ ಮಾಡಿದೆ.

ಶನಿವಾರ ಕೊಯ್ದು ತೂಗುಹಾಕುವುದು ಅಂತ ಮಾತಾಗಿತ್ತು. ಶುಕ್ರವಾರ ಸಂಜೆ ಬಂದು ನೋಡಿದರೆ ಕೋಣೆಯ ತುಂಬ ರೆಂಬೆಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಇಬ್ಬರೂ ಸೇರಿ ಮುಗಿಸಿದ್ದರು.

"ಬಾಯಮ್ಮ ಇವತ್ತೇ ಫ್ರೀ ಇದ್ರು ರೀ," ಅಂದಳು. ಅವಳ ಕೈಗೆಲ್ಲ ಅಂಟು. ಮುಖದಲ್ಲಿ ಬಣ್ಣ ಬಂದಿತ್ತು.

ನಾನು ಸೆನ್ಸರ್‌ಗಳನ್ನು ಸರಿ ಮಾಡುವ ನೆಪದಲ್ಲಿ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೊದಲ ನಾಲ್ಕು ದಿನ ಅರವತ್ತು ಡಿಗ್ರಿ, ಐವತ್ತೆಂಟು ತೇವ. ನನ್ನ ಪ್ರಕಾರ ಎಲ್ಲ ಸರಿಯಿತ್ತು. ಐದನೇ ದಿನ ಬಾಯಮ್ಮ ಬಂದು ಹೀಟರಿನ ಹತ್ತಿರದ ಒಂದು ಹೂವನ್ನು ಬೆರಳಲ್ಲಿ ಒತ್ತಿ ನೋಡಿದರು.

"ಹೊರಗೆ ಜಾಸ್ತಿ ಒಣಗಿದೆ. ಈ ಹೀಟರ್ ಎಂತಕ್ಕೆ? ನಾನು ಒಣಗಿಸುವಾಗ ಹೀಟರ್ ಹಾಕ್ಲೇ ಇಲ್ಲ. ನೀರು ಎಳೆಯುವ ಮಿಷನ್ ಸಾಕು."

"ಆಂಟಿ, ನೀವು ಮನೆಯೊಳಗೆ ಒಣಗಿಸಿದ್ದಿರಬೇಕು. ಈ ಕೋಣೆ ಹೊರಗಿನ ಗೋಡೆಗಿದೆ. ಹೀಟರ್ ಆಫ್ ಮಾಡಿದ್ರೆ ನಲವತ್ತೈದಕ್ಕೆ ಇಳಿಯುತ್ತೆ. ಅಷ್ಟು ಚಳೀಲಿ ಆ ಮಷೀನ್ ಒಳಗೆ ಐಸ್ ಕಟ್ಟಿ ನಿಂತುಹೋಗುತ್ತೆ. ಹೀಟರನ್ನ ಆ ಮೂಲೆಗೆ ಸರಿಸಿದ್ರೆ ಸಾಕು."

ಬಾಯಮ್ಮ ನನ್ನ ಹೆಂಡತಿಯ ಕಡೆ ತಿರುಗಿ ತುಳುವಿನಲ್ಲಿ ಒಂದು ಮಾತು ಅಂದರು. ಅವಳು ನಕ್ಕಳು. ಏನೆಂದು ಕೇಳಲು ನನಗೆ ಅಭಿಮಾನ ಅಡ್ಡ ಬಂತು.

"ಬಾಯಮ್ಮ ಹೇಳಿದ ಹಾಗೇ ಮಾಡೋಣ ರೀ. ಅವರಿಗೆ ಅನುಭವ ಇದೆ," ಅಂದಳು.

ನಾನೇ ಹೋಗಿ ಹೀಟರ್ ಆಫ್ ಮಾಡಿದೆ. ಆ ಸ್ವಿಚ್ ಒತ್ತುವಾಗ ನನ್ನೊಳಗೆ ಒಂದು ಕೆಟ್ಟ ಸಮಾಧಾನವಿತ್ತು. ಆಗಲಿ, ನೋಡೋಣ.

ಮಾರನೆಯ ದಿನದಿಂದ ಬಾಯಮ್ಮನಿಗೆ ನೆಗಡಿ, ಜ್ವರ. ನನ್ನ ಹೆಂಡತಿಗೆ ಸೋಂಕು ತಗುಲಿದರೆ ಅಪಾಯವೆಂದು ಅವರು ಮನೆಯಲ್ಲೇ ಉಳಿದರು. ಅದೇ ಹೊತ್ತಿಗೆ ಇವಳ ಕಾಲು ಬಿಗಿದುಕೊಂಡು ಮಹಡಿ ಇಳಿಯಲಾಗಲಿಲ್ಲ. ಕೋಣೆಯನ್ನು ನೋಡುವವನು ನಾನೊಬ್ಬನೇ ಉಳಿದೆ.

ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ಮೀಟಿಂಗಿನ ನಡುವೆ ನನ್ನ ಫೋನ್ ನಡುಗಿತು. ಉಷ್ಣಾಂಶ ನಲವತ್ತೇಳು, ತೇವ ಅರವತ್ತೆಂಟು. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತೆರಡು. ಸಂಜೆ ಮನೆಗೆ ಬಂದು ಕೋಣೆಯ ಬಾಗಿಲು ತೆರೆದೆ. ಯಂತ್ರದ ಜಾಲರಿಯ ಹಿಂದೆ ಬಿಳಿ ಹಿಮ ದಪ್ಪಗೆ ಕಟ್ಟಿತ್ತು. ತೊಟ್ಟಿಗೆ ಒಂದು ಹನಿಯೂ ಇಳಿದಿರಲಿಲ್ಲ. ನಾನು ಹೇಳಿದ್ದು ಅಕ್ಷರಶಃ ಆಗಿತ್ತು. ಹೀಟರಿನ ಸ್ವಿಚ್ ನನ್ನ ಕೈಗೆ ಒಂದು ಮಾರು ದೂರದಲ್ಲಿತ್ತು. ಬಾಗಿಲು ಮುಚ್ಚಿ ಮೇಲೆ ಹೋದೆ.

"ಕೋಣೆ ಹೇಗಿದೆ?" ಅಂತ ಹಾಸಿಗೆಯಿಂದಲೇ ಕೇಳಿದಳು.

"ಪರವಾಗಿಲ್ಲ," ಅಂದೆ.

ಮರುದಿನ ಬೆಳಿಗ್ಗೆ ಫೋನ್ ಮತ್ತೆ ನಡುಗಿದಾಗ ಎಚ್ಚರಿಕೆಯನ್ನೇ ಆಫ್ ಮಾಡಿದೆ. ಹೊರಗೆ ಬಿಡದೆ ಮಳೆ. ಅಂಕಿ ಎಪ್ಪತ್ತೇಳಕ್ಕೆ ಹೋಯಿತು, ಎಂಬತ್ತು ಮುಟ್ಟಿತು. ಅವಳ ಔಷಧಿ ಹಾಳಾಗಲಿ ಅಂತ ನಾನು ಬಯಸಿದ್ದೆನೇ? ಇಲ್ಲ. ಸ್ವಲ್ಪ ಕೆಡಲಿ, ಎರಡು ರೆಂಬೆ ಹೋಗಲಿ, ಬಾಯಮ್ಮನ ಮಾತು ತಪ್ಪಾಗಲಿ, ಅವಳು ನನ್ನ ಕಡೆ ತಿರುಗಿ 'ನೀವು ಹೇಳಿದ್ದೇ ಸರಿ' ಅನ್ನಲಿ. ಅಷ್ಟೇ ಬೇಕಿತ್ತು. ಬೂಷ್ಟು ಎರಡೇ ರೆಂಬೆಗೆ ನಿಲ್ಲುತ್ತದೆ ಅಂತ ನನಗೆ ಯಾರು ಹೇಳಿದ್ದರೋ ಕಾಣೆ.

ನಾಲ್ಕನೇ ದಿನ ಬಾಯಮ್ಮ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಂದರು. ಅವತ್ತು ಭಾನುವಾರ. ನನ್ನ ಹೆಂಡತಿಯೂ ಕಷ್ಟಪಟ್ಟು ಇಳಿದು ಬಂದಳು. ಬಾಗಿಲು ತೆರೆದ ಕೂಡಲೇ ಬಾಯಮ್ಮ ಮಾಸ್ಕ್ ಕೆಳಗೆ ಜಾರಿಸಿ ಗಾಳಿ ಎಳೆದುಕೊಂಡರು. ಒದ್ದೆ ಗೋಣಿಯ ವಾಸನೆ ನನಗೂ ಬರುತ್ತಿತ್ತು. ದೊಡ್ಡದೊಂದು ಹೂವನ್ನು ಉಗುರಿನಿಂದ ಸೀಳಿದರು. ಒಳಗೆ ಬೂದು ಬಣ್ಣದ ಹತ್ತಿಯಂಥದ್ದು. ಇನ್ನೊಂದು ಸೀಳಿದರು. ಅದರಲ್ಲೂ. ಸಾಲಿನ ತುದಿಗೆ ಹೋಗುವಷ್ಟರಲ್ಲಿ ಮೂರು ಗಿಡದ ಬೆಳೆ ಪೂರ್ತಿ ನೆಲದ ಮೇಲಿನ ಚೀಲ ಸೇರಿತ್ತು. ಬಾಗಿಲ ಸಂದಿನ ಪಕ್ಕದಲ್ಲಿ ತೂಗುಹಾಕಿದ್ದ, ಸಣ್ಣ ಹೂವಿನ ಒಂದು ಗಿಡ ಮಾತ್ರ ಉಳಿಯಿತು.

ಬಾಯಮ್ಮ ಯಂತ್ರದ ಮುಂದೆ ಬಗ್ಗಿ ಆ ಹಿಮವನ್ನು ಮುಟ್ಟಿ ನೋಡಿದರು. ಎದ್ದು ನಿಂತಾಗ ಅವರ ಕಣ್ಣು ತುಂಬಿತ್ತು.

"ತಪ್ಪು ನಂದು," ಅಂದರು ಕನ್ನಡದಲ್ಲಿ, ನನಗೂ ತಿಳಿಯಲಿ ಅಂತ. "ಇವರು ಹೇಳಿದ್ರು. ನಾನು ಕೇಳ್ಲಿಲ್ಲ. ನಿನ್ನ ಆರು ತಿಂಗಳ ಕಷ್ಟ ಹಾಳು ಮಾಡಿದೆ ಮಗಾ."

ನಾನು ಕಾದಿದ್ದ ಗಳಿಗೆ ಅದು. ನನ್ನ ಹೆಂಡತಿ ನನ್ನ ಕಡೆ ತಿರುಗಲೇ ಇಲ್ಲ. ಕೋಲನ್ನು ಗೋಡೆಗೆ ಒರಗಿಸಿ ಬಾಯಮ್ಮನ ಎರಡು ಕೈಗಳನ್ನೂ ಹಿಡಿದುಕೊಂಡಳು. ತುಳುವಿನಲ್ಲಿ ಸಮಾಧಾನ ಹೇಳಿದಳು. ನಾನು ಚೀಲದ ಬಾಯಿ ಕಟ್ಟುತ್ತಾ ನಿಂತೆ. ಗೆದ್ದವನು ನಾನು, ಆದರೆ ಆ ಮುದುಕಿ ತಪ್ಪೊಪ್ಪಿಕೊಂಡು ನನಗಿಂತ ಒಳ್ಳೆಯವಳಾಗಿದ್ದಳು. ಅದಕ್ಕೂ ಹೊಟ್ಟೆ ಉರಿಯಿತು ಎಂದರೆ ನನ್ನ ಸ್ಥಿತಿ ಹೇಗಿತ್ತೆಂದು ತಿಳಿಯಬಹುದು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅವಳು ಊಟದ ಮೇಜಿನ ಮುಂದೆ ಟ್ಯಾಬ್ಲೆಟ್ ಇಟ್ಟುಕೊಂಡು ಕೂತಿದ್ದಳು.

"ಒಂದು ನಿಮಿಷ ಕೂತ್ಕೊಳ್ಳಿ."

ಕೂತೆ. ಪರದೆಯ ಮೇಲೆ ಆ ವಾರದ ಗೆರೆ. ಮೊದಲು ಸಮನಾಗಿ ಹೋಗಿ, ಆಮೇಲೆ ಗುಡ್ಡದ ಹಾಗೆ ಏರಿದ್ದ ತೇವಾಂಶ. ಅದರ ಕೆಳಗೆ ಯಾವ ಎಚ್ಚರಿಕೆ ಯಾವಾಗ ಹೋಯಿತು, ಯಾರು ನೋಡಿದರು, ಯಾರು ಆಫ್ ಮಾಡಿದರು ಎಂಬ ಪಟ್ಟಿ. ಆ ಪಟ್ಟಿ ಇರಲೇಬೇಕೆಂದು ಪ್ರೋಗ್ರಾಮಿನಲ್ಲಿ ಬರೆದವನು ನಾನೇ. ಅವಳೂ ಪ್ರೋಗ್ರಾಮ್ ಬರೆದವಳು. ಎಲ್ಲಿ ನೋಡಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ಸೆನ್ಸರ್ ಕೆಟ್ಟಿತ್ತೇನೋ ಅಂತ ನೋಡಿದೆ. ಕೆಟ್ಟಿರಲಿಲ್ಲ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮಷೀನ್ ನಿಂತಿದ್ದು?"

"ಮೊದಲ ದಿನಾನೇ ನೋಡಿದೆ."

ಅವಳು ಟ್ಯಾಬ್ಲೆಟ್ಟನ್ನು ಮಗುಚಿಟ್ಟಳು. ಬೈಯಲಿಲ್ಲ. "ಯಾಕೆ?" ಅಂದಳು. ಆ ಪ್ರಶ್ನೆಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ನಿಜವಾಗಿಯೂ ತಿಳಿಯದ ಗೊಂದಲವಿತ್ತು.

"ನೀನು ಅವರ ಹತ್ರ ನಗ್ತೀಯ," ಅಂದೆ. ಐವತ್ತೊಂದು ವರ್ಷದ ಗಂಡಸಿನ ಬಾಯಿಂದ ಬಂದ ಮಾತು. "ನೋವು ಅಂತ ಅವರ ಹತ್ರ ಹೇಳ್ತೀಯ. ಊಟಾನೂ ಅಲ್ಲೇ. ನನ್ನ ಹತ್ರ ಬರೀ ಪರವಾಗಿಲ್ಲ, ಪರವಾಗಿಲ್ಲ."

ಟ್ಯಾಬ್ಲೆಟ್ಟನ್ನು ಮೇಜಿನ ಅಂಚಿಗೆ ಸರಿಸಿದಳು.

"ಮೊದಮೊದಲು ನಿಮಗೇ ಹೇಳ್ತಿದ್ದೆ," ಅಂದಳು. "ಕಾಲು ನೋಯ್ತಿದೆ ಅಂದ್ರೆ ನೀವು ಲ್ಯಾಪ್‌ಟಾಪ್ ತೆಗೀತಿದ್ರಿ. ಎಷ್ಟು ಹೊತ್ತಿಂದ, ಒಂದರಿಂದ ಹತ್ತರಲ್ಲಿ ಎಷ್ಟು, ಏನು ತಿಂದೆ. ಅದನ್ನೆಲ್ಲ ಬರ್ಕೊಂಡು ಡಾಕ್ಟ್ರಿಗೆ ಕಳಿಸ್ತಿದ್ರಿ. ನನ್ನ ಒಳ್ಳೇದಕ್ಕೇ ಅಂತ ಗೊತ್ತು. ಆದ್ರೆ ನೋವು ಅಂತ ಹೇಳಿದ ಕೂಡಲೇ ಅದು ನಿಮ್ಮ ಕೆಲಸ ಆಗ್ತಿತ್ತು ರೀ. ನನಗೆ ಇನ್ನೂ ಸುಸ್ತಾಗ್ತಿತ್ತು. ಬಾಯಮ್ಮ ಏನೂ ಕೇಳಲ್ಲ. ಕಾಲು ಹಿಡ್ಕೊಂಡು ಕೂತಿರ್ತಾರೆ."

ಆ ಲೆಕ್ಕದ ಹಾಳೆಗಳು ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದ್ದವು, ಬಣ್ಣ ಹಚ್ಚಿದ ಕಾಲಮ್ಮುಗಳ ಸಮೇತ.

"ನಿನ್ನೆ ಅವರು ನನ್ನ ಮುಂದೆ ಅತ್ರು. ನೀವು ಅಲ್ಲೇ ನಿಂತಿದ್ರಿ." ಈಗ ಅವಳ ದನಿ ಗಡುಸಾಯಿತು. "ಹೋಗಿ ಅವರಿಗೆ ಹೇಳಿ ಬನ್ನಿ. ಆಮೇಲೆ ಆಫೀಸಿಗೆ ಹೋಗಿ."

ಎರಡು ಮನೆ ದಾಟುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಅವರ ಅಂಚೆ ಪೆಟ್ಟಿಗೆಯ ಹತ್ತಿರ ಒಂದು ಸಲ ನಿಂತು, ತಿರುಗಿ, ಮತ್ತೆ ಹೋದೆ. ಬಾಯಮ್ಮ ಸ್ವೆಟರ್ ಮೇಲೆ ಶಾಲು ಹೊದ್ದು ಬಾಗಿಲು ತೆರೆದರು. ಒಳಗೆ ಬನ್ನಿ ಅಂದರು. ನಾನು ಮೆಟ್ಟಿಲ ಮೇಲೇ ನಿಂತು ಎಲ್ಲ ಹೇಳಿದೆ. ಹಿಮ ಕಟ್ಟಿದ್ದನ್ನು ನೋಡಿ ಬಾಗಿಲು ಮುಚ್ಚಿದ್ದು, ಫೋನ್ ಆಫ್ ಮಾಡಿದ್ದು, ಕಾರಣ ಕೂಡ.

ಕ್ಷಮಿಸಿಬಿಡುತ್ತಾರೆ ಅಂತ ಎಲ್ಲೋ ಒಳಗೆ ಅಂದುಕೊಂಡಿದ್ದೆ. ಅವರ ಮುಖ ಕೆಂಪಾಯಿತು.

"ನನ್ನ ಮೇಲೆ ಹೊಟ್ಟೆಕಿಚ್ಚಿದ್ರೆ ನನಗೆ ಬೈಯ್ಬೇಕಿತ್ತು. ಮನೆಗೆ ಬರ್ಬೇಡಿ ಅಂತ ಹೇಳ್ಬೇಕಿತ್ತು. ಅವಳ ಮದ್ದಿನ ಮೇಲೆ ತೀರಿಸಿದ್ದು ಎಂತಕ್ಕೆ? ನಾನು ನಿನ್ನೆ ರಾತ್ರಿ ಇಡೀ ನಿದ್ದೆ ಮಾಡ್ಲಿಲ್ಲ, ಗೊತ್ತುಂಟಾ ನಿಮಗೆ?"

"ತಪ್ಪಾಯ್ತು ಆಂಟಿ."

"ನನಗೆ ಈಗ ನಿಮ್ಮ ಹತ್ರ ಮಾತಾಡ್ಲಿಕ್ಕೆ ಆಗುದಿಲ್ಲ. ಹೋಗಿ."

ಬಾಗಿಲು ಹಾಕಿದರು.

ಉಳಿದ ಒಂದು ಗಿಡವನ್ನು ನಾವಿಬ್ಬರೇ ಒಣಗಿಸಿದೆವು. ಹೀಟರನ್ನು ಮೂಲೆಗೆ ಸರಿಸಿ ಸಣ್ಣಗೆ ಹಚ್ಚಿದೆ. ಕೋಣೆ ಬೆಚ್ಚಗಾದ ಮೇಲೆ ಯಂತ್ರದ ಹಿಮ ಕರಗಿ ನೀರು ಇಳಿಯತೊಡಗಿತು. ಒಂದು ದಿನದಲ್ಲಿ ಅಂಕಿಗಳು ಅರವತ್ತರ ಹತ್ತಿರ ಬಂದು ನಿಂತವು. ಅಷ್ಟು ಸುಲಭವಿತ್ತು. ಒಂದು ವಾರದ ನಂತರ ಅವಳು ತೆಳುವಾದ ಕಡ್ಡಿಯೊಂದನ್ನು ಬಗ್ಗಿಸಿದಳು. ಲಟಕ್ ಅಂತ ಮುರಿಯಿತು. ಆ ಹದಕ್ಕೆ ಬಂದ ಹೂಗಳನ್ನು ಗಾಜಿನ ಜಾಡಿಗೆ ತುಂಬಿ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿದೆವು. ಆ ದಿನಗಳಲ್ಲಿ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು.

ಅದರಿಂದ ಮಾಡಿದ ಎಣ್ಣೆ ಜನವರಿ ಕೊನೆಯವರೆಗೆ ಬಂತು. ಆಮೇಲೆ ಹೊಸ ಬೆಳೆ ಬರುವ ತನಕ ಮತ್ತೆ ಅಂಗಡಿಯದೇ ಗತಿ. ಅವಳು ತಲೆ ಹಿಡಿದುಕೊಂಡು ಸೋಫಾದಲ್ಲಿ ಕೂರುತ್ತಿದ್ದ ಮಧ್ಯಾಹ್ನಗಳಲ್ಲಿ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬೇರೆ ಏನೂ ಮಾಡಲು ತೋಚುತ್ತಿರಲಿಲ್ಲ. ಒಂದು ದಿನ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಕಾಲನ್ನು ಹಿಡಿದುಕೊಂಡೆ. ಎಷ್ಟು ಒತ್ತಬೇಕೆಂದು ಗೊತ್ತಾಗಲಿಲ್ಲ. "ಅಲ್ಲಲ್ಲ, ಸ್ವಲ್ಪ ಕೆಳಗೆ," ಅಂದಳು. ಅಷ್ಟೇ ಅಂದದ್ದು. ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಬಾಯಮ್ಮ ನಾನಿಲ್ಲದ ಹೊತ್ತು ನೋಡಿ ಬಂದು ಹೋಗುತ್ತಿದ್ದರು. ಮಾರ್ಚಿನಲ್ಲಿ ಅವರ ತಮ್ಮನ ಮಗಳು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡಳು. ಒಬ್ಬರೇ ಇರುವ ವಯಸ್ಸಲ್ಲ ಎಂದಳಂತೆ. ಏರ್‌ಪೋರ್ಟಿಗೆ ನಾನು ಬಿಡುತ್ತೇನೆ ಅಂದೆ. ಒಪ್ಪುವುದಿಲ್ಲ ಅಂದುಕೊಂಡಿದ್ದೆ, ಒಪ್ಪಿದರು. ನನ್ನ ಹೆಂಡತಿ ಅವರ ಬಾಗಿಲಲ್ಲೇ ಅತ್ತು ಬೀಳ್ಕೊಟ್ಟಳು. ಅಷ್ಟು ದೂರ ಕಾರಿನಲ್ಲಿ ಕೂರುವುದು ಅವಳಿಗೆ ಆಗುತ್ತಿರಲಿಲ್ಲ. ಸೂಟ್‌ಕೇಸ್ ಇಳಿಸಿದ ಮೇಲೆ ಅವರು ಬ್ಯಾಗಿನಿಂದ ಸಣ್ಣ ಪುಸ್ತಕವೊಂದನ್ನು ತೆಗೆದು ಕೊಟ್ಟರು. ಗಂಡನಿಗಾಗಿ ಗಿಡ ಬೆಳೆಸಿದಾಗ ಬರೆದಿಟ್ಟುಕೊಂಡದ್ದು: ಎಷ್ಟು ಹೂವಿಗೆ ಎಷ್ಟು ಎಣ್ಣೆ, ಎಷ್ಟು ಹನಿ, ಯಾವ ಹೊತ್ತಿಗೆ.

"ಇದು ಅವಳಿಗೆ. ಮಾಡಿಕೊಡುದು ನೀವು," ಅಂದರು. "ನಾನು ನಿಮ್ಮನ್ನು ಕ್ಷಮಿಸಿದೆ ಅಂತ ಅಲ್ಲ. ಪ್ರಾರ್ಥನೆ ಮಾಡ್ತಾ ಇದ್ದೇನೆ, ಇನ್ನೂ ಆಗ್ಲಿಲ್ಲ."

ಗಾಜಿನ ಬಾಗಿಲಿನ ಆಚೆ ಅವರು ಮರೆಯಾದಾಗ ನನಗಾದದ್ದು ದುಃಖವಲ್ಲ, ನಿರಾಳ. ಇನ್ನು ಇವಳು ನನ್ನವಳು ಅಂತ ಒಂದು ಕ್ಷಣ ಅನ್ನಿಸಿತು. ಮನೆಗೆ ಬಂದರೆ ಅವಳು ಆಗಲೇ ಫೋನಿನಲ್ಲಿದ್ದಳು. ವಿಮಾನ ಹತ್ತುವ ಮುನ್ನ ಬಾಯಮ್ಮ ಕರೆ ಮಾಡಿದ್ದರು.

ಈಗ ಪ್ರತಿ ನವೆಂಬರಿನಲ್ಲಿ ಆ ಕೋಣೆಯನ್ನು ನಾನೇ ನೋಡಿಕೊಳ್ಳುತ್ತೇನೆ. ಒಂದು ಹೂವಿಗೂ ಬೂಷ್ಟು ಬಂದಿಲ್ಲ. ಇವಳು ಒಂದೊಂದು ದಿನ ತಾನಾಗಿಯೇ ನೋವು ಅನ್ನುತ್ತಾಳೆ, ಒಂದೊಂದು ದಿನ ಅನ್ನುವುದಿಲ್ಲ. ರೆಂಬೆಗಳನ್ನು ತೂಗುಹಾಕಿದ ದಿನ ಬಾಯಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದನ್ನೂ ತೋರಿಸುತ್ತಾಳೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ರೆಂಬೆ, ಹಾಗಾಗಿ ಫೋನ್ ಹಿಡಿಯುವವನು ನಾನು. ಅರ್ಧ ಗಂಟೆ, ಕೆಲವೊಮ್ಮೆ ಮುಕ್ಕಾಲು ಗಂಟೆ. ಬಾಯಮ್ಮ ನನ್ನನ್ನು ಮಾತಾಡಿಸುವುದಿಲ್ಲ. ಫೋನ್ ಅಲುಗಿದರೆ ಮಾತ್ರ "ಸರಿ ಹಿಡೀರಿ" ಅನ್ನುತ್ತಾರೆ. ನನಗೆ ಹೊಟ್ಟೆಕಿಚ್ಚು ಇನ್ನೂ ಆಗುತ್ತದೆ. ತೋಳು ಸೋಲುತ್ತದೆ, ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹಿಡಿಯುತ್ತೇನೆ.